ಒಂದಿಂಚಿನ ಲೆಕ್ಕ: ಎಲೆಕ್ಟ್ರಿಕ್ ಕಾರಿಗೆ ದೊಡ್ಡ ಚಕ್ರ ಹಾಕಿಸುವ ಮುನ್ನ

ಸೂರತ್‌ನಿಂದ ಗೆಳೆಯನ ಫೋನು. ಕುಂದಾಪುರದ ಕಡೆಯವನು, ಅಡಾಜಣ್‌ನಲ್ಲಿ ಹೋಟೆಲ್ ನಡೆಸುತ್ತಾನೆ. "ಮಾರಾಯಾ, ಕಾರಿಗೆ ಹದಿನೇಳು ಇಂಚಿನ ಮ್ಯಾಗ್ ವೀಲ್ ಹಾಕಿಸಿದೆ. ನೋಡ್ಲಿಕ್ಕೆ ಭಾರೀ ಚಂದ ಉಂಟು. ಆದ್ರೆ ಮೊದಲು ಫುಲ್ ಚಾರ್ಜಿಗೆ ಇನ್ನೂರೈವತ್ತು ಕಿಲೋಮೀಟರ್ ಓಡ್ತಿತ್ತು, ಈಗ ಇನ್ನೂರ ಹದಿನೈದಕ್ಕೇ ಸುಸ್ತು. ಬ್ಯಾಟರಿ ಹೋಯ್ತಾ ಹೇಗೆ?"

ಬ್ಯಾಟರಿ ಹೋಗಿರಲಿಲ್ಲ. ಹೋದದ್ದೆಲ್ಲ ಚಕ್ರದಲ್ಲಿ ಹೋಗಿತ್ತು. ಅಷ್ಟೇ ಅಲ್ಲ, ಅವನು ಕಳೆದುಕೊಂಡೆ ಎಂದುಕೊಂಡ ಮೂವತ್ತೈದು ಕಿಲೋಮೀಟರಿನಲ್ಲಿ ಎಂಟು ಕಿಲೋಮೀಟರ್ ನಿಜಕ್ಕೂ ಹೋಗಿರಲೇ ಇಲ್ಲ. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ನಾವು ಅಲಾಯ್ ಎನ್ನುವುದನ್ನು ಗುಜರಾತಿನ ಟೈರು ಅಂಗಡಿಗಳಲ್ಲಿ ಈಗಲೂ ಮ್ಯಾಗ್ ವೀಲ್ ಎನ್ನುತ್ತಾರೆ. ಹಿಂದೆ ರೇಸ್ ಕಾರುಗಳಿಗೆ ಮೆಗ್ನೀಸಿಯಂ ಮಿಶ್ರಲೋಹದ ಚಕ್ರ ಬರುತ್ತಿದ್ದ ಕಾಲದ ಹೆಸರು ಅದು. ಈಗ ಸಿಗುವುದೆಲ್ಲ ಅಲ್ಯೂಮಿನಿಯಂ. ಅಹಮದಾಬಾದ್, ವಡೋದರ, ಸೂರತ್ ಈ ಮೂರೂ ಊರಿನಲ್ಲಿ ಅದರ ವ್ಯಾಪಾರ ಜೋರಾಗಿದೆ, ಎಲೆಕ್ಟ್ರಿಕ್ ಕಾರೂ ಬೇಕಾದಷ್ಟಿವೆ. 2021ರ ಇವಿ ನೀತಿಯಲ್ಲಿ ಗುಜರಾತ್ ಸರ್ಕಾರ ಬ್ಯಾಟರಿಯ ಪ್ರತಿ ಕಿಲೋವಾಟ್ ಅವರ್‌ಗೆ 10,000 ರೂಪಾಯಿಯಂತೆ ಕಾರಿಗೆ ಗರಿಷ್ಠ 1.5 ಲಕ್ಷದವರೆಗೆ ಸಹಾಯಧನ ಕೊಟ್ಟಿತು. ಅಹಮದಾಬಾದ್ ಪಕ್ಕದ ಸಾಣಂದ್‌ನಲ್ಲಿ ಟಾಟಾದವರ ಕಾರ್ಖಾನೆ, ವಡೋದರಕ್ಕೆ ಹತ್ತಿರದ ಹಾಲೋಲ್‌ನಲ್ಲಿ ಎಂಜಿಯವರದು. ಟೈರಿನವರೂ ಇಲ್ಲೇ ಇದ್ದಾರೆ. ಅಪೊಲೊ ಕಂಪನಿಯ ಲಿಮಡಾ ಕಾರ್ಖಾನೆ ವಡೋದರ ಜಿಲ್ಲೆಯಲ್ಲಿದೆ, ಸಿಯಟ್‌ನದೂ ಒಂದು ಹಾಲೋಲ್‌ನಲ್ಲಿದೆ. ಕಾರು, ಟೈರು ಎರಡೂ ಇಲ್ಲೇ ತಯಾರಾಗುತ್ತವೆ. ಎರಡನ್ನೂ ಹೊಂದಿಸುವ ಕಡೆ ಮಾತ್ರ ಜನ ಎಡವುತ್ತಾರೆ.

ದೊಡ್ಡ ಚಕ್ರ ಹಾಕಿಸಲೇಬೇಡಿ ಎಂದು ನಾನು ಹೇಳುವುದಿಲ್ಲ. ಕಾರು ಚಂದ ಕಾಣಬೇಕೆಂಬ ಆಸೆ ತಪ್ಪಲ್ಲ. ಆದರೆ ಪೆಟ್ರೋಲ್ ಕಾರಿನಲ್ಲಿ ಈ ಆಸೆಗೆ ತೆರುವ ಬೆಲೆ ಬಂಕಿನ ಬಿಲ್ಲಿನಲ್ಲಿ ಸದ್ದಿಲ್ಲದೆ ಸೇರಿಹೋಗುತ್ತದೆ, ಇವಿಯಲ್ಲಿ ಅದು ಡ್ಯಾಶ್‌ಬೋರ್ಡಿನ ಮೇಲೆ ಕಿಲೋಮೀಟರ್ ಲೆಕ್ಕದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಎಷ್ಟು ಕೊಡುತ್ತಿದ್ದೇವೆಂದು ತಿಳಿದು ಕೊಡುವುದು ಒಳ್ಳೆಯದು.

ಮೊದಲು ಟೈರಿನ ಪಕ್ಕದಲ್ಲಿರುವ ಅಂಕಿ ಓದೋಣ. ನೆಕ್ಸಾನ್ ಇವಿಯ ಟೈರು 215/60 ಆರ್16. 215 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 60 ಎಂದರೆ ಆ ಅಗಲದ ಶೇಕಡಾ 60ರಷ್ಟು ಪಕ್ಕದ ಗೋಡೆಯ ಎತ್ತರ, ಅಂದರೆ 129 ಮಿ.ಮೀ. 16 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಹದಿನಾರನ್ನು 25.4ರಿಂದ ಗುಣಿಸಿ ಅದಕ್ಕೆ ಗೋಡೆಯ ಎತ್ತರವನ್ನು ಎರಡು ಸಲ ಕೂಡಿಸಿದರೆ ಇಡೀ ಚಕ್ರದ ವ್ಯಾಸ ಸಿಗುತ್ತದೆ: 664 ಮಿ.ಮೀ. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಅರ್ಧ ನಿಮಿಷದ ಕೆಲಸ ಇದು. ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಮಾಡಿಕೊಳ್ಳಿ.

ರಿಮ್ ದೊಡ್ಡದಾಗಲಿ, ಇಡೀ ಚಕ್ರದ ವ್ಯಾಸ ಮಾತ್ರ ಬದಲಾಗಬಾರದು. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಅದು ಇದೇ ಇರಲಿ. ಕಂಪನಿಗಳೇ ಇದನ್ನು ಹೇಗೆ ಮಾಡುತ್ತವೆ ನೋಡಿ. ಮಹೀಂದ್ರಾದ ಬಿಇ 6 ಕಾರಿಗೆ ಮೂರು ಅಳತೆಯ ಚಕ್ರಗಳಿವೆ: 245/60 ಆರ್18, 245/55 ಆರ್19, 245/50 ಆರ್20. ರಿಮ್ ಎರಡು ಇಂಚು ಬೆಳೆದರೂ ಹೊರವ್ಯಾಸ 751, 752, 753 ಮಿಲಿಮೀಟರ್. ಒಟ್ಟು ವ್ಯತ್ಯಾಸ ಎರಡು ಮಿಲಿಮೀಟರಿನ ಆಸುಪಾಸು. ಅಗಲವನ್ನಂತೂ ಮುಟ್ಟಿಯೇ ಇಲ್ಲ. ರಿಮ್ ಬೆಳೆದಷ್ಟು ರಬ್ಬರಿನ ಗೋಡೆ ಕುಗ್ಗಿದೆ, ಅಷ್ಟೇ.

ಅದೇ ರೀತಿ ನೆಕ್ಸಾನ್ ಇವಿಗೆ 215/55 ಆರ್17 ಹಾಕಿದರೆ 668 ಮಿ.ಮೀ. ಆಗುತ್ತದೆ, ಶೇಕಡಾ ಒಂದೂ ವ್ಯತ್ಯಾಸವಿಲ್ಲ. ಟಿಯಾಗೊ ಇವಿಯ ಟೈರು 175/65 ಆರ್14, ವ್ಯಾಸ 583. ಅದಕ್ಕೆ 175/60 ಆರ್15 ಹಾಕಿದರೆ 591, ಶೇಕಡಾ ಒಂದೂಕಾಲಿನಿಂದ ಒಂದೂವರೆಯ ನಡುವೆ. ಇದೂ ನಡೆಯುತ್ತದೆ. ತೊಂದರೆ ಇರುವುದು ಹಾಲೋಲ್‌ನಲ್ಲಿ ತಯಾರಾಗುವ ಪುಟ್ಟ ಕಾಮೆಟ್‌ಗೆ. ಅದರದು 145/70 ಆರ್12, ವ್ಯಾಸ 508. ಪುಟ್ಟ ಚಕ್ರ ನೋಡಿ ಬೇಸರಪಟ್ಟವರು ಸುಲಭವಾಗಿ ಸಿಗುವ ಹದಿಮೂರು ಇಂಚಿನ 155/65 ಕಡೆ ಕೈ ಹಾಕುತ್ತಾರೆ. ಅದರ ವ್ಯಾಸ 532. ಶೇಕಡಾ 4.7 ಜಾಸ್ತಿ. ಶೇಕಡಾ 2ರವರೆಗೆ ನಾನು ಒಪ್ಪುತ್ತೇನೆ, 3 ದಾಟಿದರೆ ಬೇಡ ಎನ್ನುತ್ತೇನೆ. ಕಾಮೆಟ್ ಇರುವವರು ಬಣ್ಣ ಬದಲಿಸಿ, ಕ್ಯಾಪ್ ಬದಲಿಸಿ, ಅಳತೆ ಬದಲಿಸಬೇಡಿ.

ಈಗ ಸೂರತ್ ಗೆಳೆಯನ ಕಾರಿಗೆ ಬರೋಣ. ಅವನ ಕಾರಿನಲ್ಲಿದ್ದದ್ದು 215/60 ಆರ್16. ಅಂಗಡಿಯವನು ಹಾಕಿದ್ದು 235/55 ಆರ್17. ವ್ಯಾಸ 664ರಿಂದ 690ಕ್ಕೆ ಏರಿತ್ತು, ಶೇಕಡಾ 3.9. ಕಾರು ಎಷ್ಟು ದೂರ ಹೋಯಿತು ಎನ್ನುವುದನ್ನು ಮೀಟರು ಚಕ್ರದ ಸುತ್ತು ಎಣಿಸಿ ಹೇಳುತ್ತದೆ. ಚಕ್ರ ದೊಡ್ಡದಾದದ್ದು ಅದಕ್ಕೆ ಗೊತ್ತಿಲ್ಲ. ಮೀಟರಿನಲ್ಲಿ 215 ಎಂದು ಬಂದಾಗ ಕಾರು ನಿಜವಾಗಿ ಓಡಿದ್ದು 223 ಕಿಲೋಮೀಟರ್. ನಾನು ಮೊದಲೇ ಹೇಳಿದ ಎಂಟು ಕಿಲೋಮೀಟರ್ ಇದೇ. ನಿಜವಾದ ನಷ್ಟ ಶೇಕಡಾ 14 ಅಲ್ಲ, 11ರ ಹತ್ತಿರ. ಚಕ್ರ ಬದಲಿಸಿದ ಮೇಲೆ ರೇಂಜ್ ಹೋಲಿಸುವವರು ಮೀಟರನ್ನು ನಂಬದೆ ಮೊಬೈಲಿನ ಜಿಪಿಎಸ್‌ನಲ್ಲಿ ಐವತ್ತು ಕಿಲೋಮೀಟರ್ ಅಳೆದು ನೋಡಬೇಕು. ಈ ತಪ್ಪಿಗೆ ಇನ್ನೊಂದು ಮುಖವಿದೆ. ಸ್ಪೀಡೋಮೀಟರು 100 ತೋರಿಸುವಾಗ ಅವನ ಕಾರು ಮೊದಲಿಗಿಂತ ಶೇಕಡಾ 4ರಷ್ಟು ಹೆಚ್ಚು ವೇಗದಲ್ಲಿರುತ್ತದೆ. ಅಹಮದಾಬಾದ್–ವಡೋದರ ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿಯ ಅಂಚಿನಲ್ಲೇ ಓಡಿಸುವವರಿಗೆ ಇದು ದಂಡದ ಚೀಟಿಯಾಗಿ ಮನೆಗೆ ಬರಬಹುದು.

ಇವಿಗೆ ಗೇರುಗಳಿಲ್ಲ, ಒಂದೇ ಅನುಪಾತ. ಹೊರವ್ಯಾಸ ಹೆಚ್ಚಿದರೆ ಎಲ್ಲ ಹೊತ್ತೂ ಒಂದು ಗೇರು ಮೇಲೆ ಓಡಿಸಿದ ಹಾಗೆ, ಫ್ಲೈಓವರ್ ಹತ್ತುವಾಗ ಮೋಟಾರಿಗೆ ಎಳೆತ ಕಡಿಮೆ.

ಉಳಿದ ಶೇಕಡಾ 11 ಎಲ್ಲಿ ಹೋಯಿತು? ಮೂರು ಕಡೆ.

ದೊಡ್ಡ ಕಳ್ಳ ರಬ್ಬರು. ಚಕ್ರ ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ. ಹೀಗೆ ಮಡಚಿ ಬಿಚ್ಚುವಾಗ ರಬ್ಬರು ಬಿಸಿಯಾಗುತ್ತದೆ, ಆ ಬಿಸಿ ನಿಮ್ಮ ಬ್ಯಾಟರಿಯಿಂದ ಬಂದದ್ದು. ಇದಕ್ಕೆ ಉರುಳು ಪ್ರತಿರೋಧ ಎನ್ನುತ್ತಾರೆ. ಕಂಪನಿಗಳು ಇವಿಗೆ ಈ ಪ್ರತಿರೋಧ ಕಡಿಮೆ ಇರುವ ಟೈರನ್ನೇ ಹುಡುಕಿ ಹಾಕಿರುತ್ತವೆ. 1,500 ಕಿಲೋ ತೂಕದ ಕಾರು ಎಂದಿಟ್ಟುಕೊಳ್ಳಿ. ಪ್ರತಿರೋಧದ ಗುಣಾಂಕ 0.008 ಇರುವ ಒಳ್ಳೆಯ ಟೈರು ಕಾರನ್ನು ಹಿಂದಕ್ಕೆ ಎಳೆಯುವ ಬಲ 118 ನ್ಯೂಟನ್. 0.011 ಇರುವ ಸಾಧಾರಣ ಟೈರಿನದು 162. ಈ 44 ನ್ಯೂಟನ್ ವ್ಯತ್ಯಾಸ ಕಿಲೋಮೀಟರಿಗೆ 12 ವಾಟ್ ಅವರ್ ತಿನ್ನುತ್ತದೆ. ಕಿಲೋಮೀಟರಿಗೆ 130 ವಾಟ್ ಅವರ್ ಬಳಸುವ ಕಾರಿಗೆ ಅದು ಶೇಕಡಾ 9. ಅಹಮದಾಬಾದಿನಿಂದ ವಡೋದರದವರೆಗಿನ 93 ಕಿಲೋಮೀಟರ್ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದು ಯೂನಿಟ್‌ಗೂ ಹೆಚ್ಚು ಕರೆಂಟು ಬರೀ ಟೈರು ಬಿಸಿ ಮಾಡಲಿಕ್ಕೆ ಹೋಯಿತು. ಟಿಯಾಗೊದ 24 ಕಿಲೋವಾಟ್ ಅವರ್ ಬ್ಯಾಟರಿಯಲ್ಲಿ ಅದು ಸಣ್ಣ ಪಾಲಲ್ಲ.

ಎರಡನೆಯದು ಗಾಳಿ. ಅಗಲದ ಟೈರು, ನಡುವೆ ಬಯಲಾಗಿರುವ ಕಡ್ಡಿಗಳ ರಿಮ್ ಗಾಳಿಯನ್ನು ಕಡೆಯುತ್ತವೆ. ಇವಿಗಳ ಮೂಲ ಚಕ್ರ ತಟ್ಟೆಯ ಹಾಗೆ ಮುಚ್ಚಿಕೊಂಡಿರುವುದು ಅದಕ್ಕೇ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಊರೊಳಗೆ ಇದು ಗೊತ್ತೇ ಆಗುವುದಿಲ್ಲ, ಭರೂಚ್ ಹೆದ್ದಾರಿಗೆ ಬಿದ್ದ ಮೇಲೆ ಗೊತ್ತಾಗುತ್ತದೆ.

ಮೂರನೆಯದು ತೂಕ. ಇದು ತಿರುಗುಮುರುಗು, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಚಕ್ರದ ತೂಕ ಅಷ್ಟಾಗಿ ಬಾಧಿಸುವುದಿಲ್ಲ. ಆದರೆ ಅಹಮದಾಬಾದಿನ ಆಶ್ರಮ ರೋಡಿನ ಸಿಗ್ನಲ್‌ಗಳಲ್ಲಿ ನಿಂತು ಹೊರಡುವಾಗ ಚಕ್ರವನ್ನು ಮುಂದಕ್ಕೂ ತಳ್ಳಬೇಕು, ತಿರುಗಿಸಲೂ ಬೇಕು. ಚಕ್ರದ ಹೊರ ಅಂಚಿನ ಒಂದು ಕಿಲೋ, ಡಿಕ್ಕಿಯಲ್ಲಿಟ್ಟ ಎರಡು ಕಿಲೋಗೆ ಹತ್ತಿರ. ಬ್ರೇಕಿನ ಹೊತ್ತಿಗೆ ಶಕ್ತಿಯನ್ನು ಬ್ಯಾಟರಿಗೆ ಮರಳಿಸುವ ರೀಜನ್ ವ್ಯವಸ್ಥೆ ಅದರಲ್ಲಿ ಒಂದು ಪಾಲನ್ನು ಹಿಂದಕ್ಕೆ ಕೊಡುತ್ತದೆ, ಪೂರ್ತಿ ಕೊಡುವುದಿಲ್ಲ. ಅಲಾಯ್ ಎಂದಾಕ್ಷಣ ಹಗುರ ಎಂದುಕೊಳ್ಳಬೇಡಿ. ಅಗ್ಗದ ಎರಕದ ಹದಿನೇಳು ಇಂಚಿನ ರಿಮ್ ಕಂಪನಿಯ ಹದಿನಾರು ಇಂಚಿನದಕ್ಕಿಂತ ಭಾರವಿರುವುದು ಸಾಮಾನ್ಯ. ವಿಮಾನ ಪ್ರಯಾಣದ ಬ್ಯಾಗ್ ತೂಗುವ ಕೈತಕ್ಕಡಿ ಮನೆಯಲ್ಲಿದ್ದರೆ ಅಂಗಡಿಗೆ ಒಯ್ಯಿರಿ, ಹಳೆಯದನ್ನೂ ಹೊಸದನ್ನೂ ತೂಗಿಸಿ. ಅಂಗಡಿಯವರು ವಿಚಿತ್ರವಾಗಿ ನೋಡಬಹುದು, ಪರವಾಗಿಲ್ಲ.

ಇದು ನಮ್ಮೂರಿನ ಅಗ್ಗದ ರಿಮ್ಮುಗಳ ಸಮಸ್ಯೆ ಮಾತ್ರ ಎಂದೂ ಅಲ್ಲ. 2021ರ ಟೆಸ್ಲಾ ಮಾಡೆಲ್ ಎಸ್ ಪ್ಲೇಡ್ ಕಾರಿಗೆ ಅಮೆರಿಕದ ಅಧಿಕೃತ ರೇಂಜ್ 19 ಇಂಚಿನ ಚಕ್ರದಲ್ಲಿ 396 ಮೈಲಿ, 21 ಇಂಚಿನದರಲ್ಲಿ 348 ಇತ್ತು. ಕಂಪನಿಯೇ ಹಾಕಿ ಕೊಟ್ಟ ಚಕ್ರದಲ್ಲಿ ಶೇಕಡಾ 12 ಕಡಿತ.

ಹಾಗಾಗಿ ನನ್ನ ಸಲಹೆ, ಹಣವನ್ನು ಮೊದಲು ಟೈರಿಗೆ ಹಾಕಿ, ಉಳಿದರೆ ರಿಮ್ಮಿಗೆ. ಅಗಲ ಹೆಚ್ಚಿಸಬೇಡಿ. ಇವಿಗೆಂದೇ ತಯಾರಾದ ಟೈರು ಈಗ ಇಲ್ಲಿನ ಕಂಪನಿಗಳಲ್ಲೂ ಇವೆ, ಅಪೊಲೊದ ಆಂಪೇರಿಯನ್, ಸಿಯಟ್‌ನ ಎನರ್ಜಿಡ್ರೈವ್ ಹಾಗೆ. ಫ್ರಿಜ್ಜು, ಏಸಿಗಳಿಗಿರುವ ಬಿಇಇ ಸ್ಟಾರ್ ಗುರುತು ಟೈರಿಗೂ ಬಂದಿದೆ, ಇದ್ದರೆ ನೋಡಿಕೊಳ್ಳಿ. ಸದ್ದಿನ ಬಗ್ಗೆಯೂ ವಿಚಾರಿಸಿ, ಎಂಜಿನ್ ಸದ್ದಿಲ್ಲದ ಕಾರಿನಲ್ಲಿ ಟೈರಿನ ಗುಂಯ್‌ಗುಡುವಿಕೆ ಎಷ್ಟು ಕೇಳುತ್ತದೆಂಬುದು ಟೈರು ಬದಲಿಸಿದ ದಿನವೇ ತಿಳಿಯುತ್ತದೆ.

ಟೈರಿನ ಅಳತೆಯ ಪಕ್ಕದ ಇನ್ನೊಂದು ಅಂಕಿ ಜೀವದ ಪ್ರಶ್ನೆ. 82, 95 ಎಂದೆಲ್ಲ ಇರುತ್ತದಲ್ಲ, ಅದು ಆ ಟೈರು ಹೊರಬಲ್ಲ ಭಾರದ ಸಂಕೇತ. 82 ಎಂದರೆ 475 ಕಿಲೋ, 91 ಎಂದರೆ 615, 95 ಎಂದರೆ 690. ಬ್ಯಾಟರಿಯ ಕಾರಣಕ್ಕೆ ಇವಿ ತನ್ನದೇ ಪೆಟ್ರೋಲ್ ತಂಗಿಗಿಂತ ಭಾರ. ಗೋಡೆ ಕುಗ್ಗಿದ ಟೈರಿನಲ್ಲಿ ಈ ಸಂಖ್ಯೆ ಇಳಿದಿರುವ ಸಂಭವ ಹೆಚ್ಚು. ಮೂಲ ಟೈರಿನ ಸಂಖ್ಯೆಗಿಂತ ಒಂದೂ ಕಡಿಮೆಯಾಗಬಾರದು. ಕಡಿಮೆ ಇದ್ದರೆ ಅದೇ ಅಳತೆಯಲ್ಲಿ ಎಕ್ಸ್‌ಎಲ್ ಎಂದು ಬರೆದಿರುವ ಗಟ್ಟಿ ಟೈರು ಕೇಳಿ. ರಿಮ್ಮಿನ ಒಳಮೈಯಲ್ಲೂ ಅದು ಹೊರಬಲ್ಲ ಗರಿಷ್ಠ ಭಾರವನ್ನು ಅಚ್ಚು ಹಾಕಿರಬೇಕು. ಐಎಸ್‌ಐ ಗುರುತಿರಬೇಕು. ಜಪಾನಿನ ರಿಮ್ ಆದರೆ ಜೆಡಬ್ಲ್ಯುಎಲ್ ಎಂದಿರುತ್ತದೆ. ಯಾವುದೂ ಇಲ್ಲದ, ದೊಡ್ಡ ಕಂಪನಿಯ ವಿನ್ಯಾಸ ನಕಲು ಮಾಡಿದ ರಿಮ್ ಎಷ್ಟೇ ಹೊಳೆಯಲಿ, ಬಿಟ್ಟುಬನ್ನಿ. ನನ್ನದೇ ಹಿಂದಿನ ಕಾರಿಗೆ ಅಂಥದ್ದೊಂದನ್ನು ಹಾಕಿಸಿಕೊಂಡಿದ್ದೆ. ಮಳೆಗಾಲದ ಒಂದು ರಾತ್ರಿ ನೀರು ತುಂಬಿದ ಗುಂಡಿಗೆ ಇಳಿದ ಕಾರು ಮೇಲೆ ಬಂದಾಗ ರಿಮ್ ಸೀಳಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ವೇಗ ಮೂವತ್ತೂ ಇರಲಿಲ್ಲ ಎನ್ನುವುದಷ್ಟೇ ನಮ್ಮ ಪುಣ್ಯ.

ರಿಮ್ ಕಾರಿಗೆ ಕೂರುತ್ತದೆಯೇ ಎನ್ನಲು ನಾಲ್ಕು ಅಳತೆ ಹೊಂದಬೇಕು. ಬೋಲ್ಟುಗಳ ಸಂಖ್ಯೆ ಮತ್ತು ಅವು ಕೂತಿರುವ ವೃತ್ತದ ವ್ಯಾಸ, ಅಂಗಡಿಯವರ ಮಾತಿನಲ್ಲಿ ಪಿಸಿಡಿ. ನಡುವಿನ ತೂತು, ಅದು ಕಾರಿನ ಹಬ್‌ಗಿಂತ ದೊಡ್ಡದಿದ್ದರೆ ನಡುವೆ ಹಬ್ ರಿಂಗ್ ಹಾಕಲೇಬೇಕು, ಇಲ್ಲದಿದ್ದರೆ ಎಂಬತ್ತರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ, ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ. ರಿಮ್ಮಿನ ಅಗಲ. ಕೊನೆಗೆ ಆಫ್‌ಸೆಟ್, ರಿಮ್ಮಿನ ಮೇಲೆ ಇಟಿ ಎಂದು ಬರೆದ ಅಂಕಿ. ಚಕ್ರ ಕಾರಿನೊಳಕ್ಕೆ ಎಷ್ಟು ಸರಿದು ಕೂರುತ್ತದೆ ಎಂಬುದನ್ನು ಅದು ಹೇಳುತ್ತದೆ. ಆ ಅಂಕಿ ತುಂಬ ಕಡಿಮೆಯಾದರೆ ಚಕ್ರ ಹೊರಗೆ ಚಾಚುತ್ತದೆ. ನೋಡಲು ಗತ್ತು, ಆದರೆ ಬೇರಿಂಗಿನ ಮೇಲೆ ಭಾರ ಬೀಳುತ್ತದೆ, ಸ್ಟೀರಿಂಗ್ ಎಳೆದಾಡುತ್ತದೆ, ಮಳೆಯಲ್ಲಿ ಬಾಗಿಲುಗಳಿಗೆಲ್ಲ ಕೆಸರು. ಮೂಲದ ಅಂಕಿಗಿಂತ ಐದು ಮಿಲಿಮೀಟರ್ ಆಚೀಚೆ ಇರಲಿ. ಸ್ಪೇಸರ್ ಹಾಕಿ ಸರಿಮಾಡೋಣ ಭಾಯ್ ಎಂದರೆ ಬೇಡ ಎನ್ನಿ. ಒಂದೇ ಒಂದು ಚಕ್ರ ಹಾಕಿಸಿ, ನಾಲ್ಕು ಜನರನ್ನು ಕೂರಿಸಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲೂ ಉಜ್ಜುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಹಣ ಕೊಡಿ.

ಅಂಗಡಿಯಲ್ಲಿ ಎದುರು ನಿಂತೇ ನೋಡಬೇಕಾದ ಕೆಲಸ ಜಾಕ್ ಇಡುವುದು. ಇವಿಯ ಹೊಟ್ಟೆಯ ತುಂಬ ಬ್ಯಾಟರಿ. ಟ್ರಾಲಿ ಜಾಕನ್ನು ಅಭ್ಯಾಸಬಲದಿಂದ ನಡುವೆ ತಳ್ಳಿ ಎತ್ತಿದರೆ ಬ್ಯಾಟರಿಯ ಕವಚ ತಗ್ಗಾಗುತ್ತದೆ. ಅದರ ದುರಸ್ತಿಗೆ ಆಗುವ ಖರ್ಚಿಗೆ ಹೋಲಿಸಿದರೆ ಚಕ್ರದ ಬೆಲೆ ಏನೇನೂ ಅಲ್ಲ. ಬಾಗಿಲ ಕೆಳಗಿನ ಅಂಚಿನಲ್ಲಿ ಜಾಕಿಗೆಂದೇ ಗುರುತಿರುತ್ತದೆ, ಕೆಲಸದ ಹುಡುಗನಿಗೆ ಬೆರಳಿಟ್ಟು ತೋರಿಸಿ. ನಟ್ಟುಗಳನ್ನು ಗಾಳಿಯ ಗನ್ನಿನಿಂದ ಬಿಗಿದು ಮುಗಿಸಬಾರದು, ಟಾರ್ಕ್ ರೆಂಚಿನಿಂದ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿಯಬೇಕು. ಮೂಲ ರಿಮ್ಮಿನಲ್ಲಿ ಗಾಳಿ ಒತ್ತಡದ ಸೆನ್ಸರ್ ಇದ್ದರೆ ಹೊಸದಕ್ಕೆ ದಾಟಿಸಬೇಕು. ಟೈರಿನ ಮೇಲೆ ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ಹುಟ್ಟಿದ ವಾರ ಮತ್ತು ವರ್ಷ. 2324 ಎಂದಿದ್ದರೆ 2024ರ 23ನೇ ವಾರ.

ಗುಜರಾತಿನ ಬಿಸಿಲಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ದಾಖಲಾಗಿತ್ತು. ಬೆಳಗಿನ 30 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿಸಿದ ಟೈರು ಓಡಿ 60 ಡಿಗ್ರಿಗೆ ಬಿಸಿಯಾದರೆ ಒತ್ತಡ 38ರ ಹತ್ತಿರ ಬರುತ್ತದೆ. ಹೆದರಿ ಗಾಳಿ ಬಿಡಬೇಡಿ. ಕಾರು ತಯಾರಿಸಿದವರು ಈ ಏರಿಕೆಯನ್ನು ಲೆಕ್ಕ ಹಾಕಿಯೇ ತಂಪು ಟೈರಿನ ಅಂಕಿ ಕೊಟ್ಟಿರುತ್ತಾರೆ. ಮಧ್ಯಾಹ್ನ ಬಿಟ್ಟ ಗಾಳಿ ಮರುದಿನ ಬೆಳಗ್ಗೆ ಕೊರತೆಯಾಗಿ, ಟೈರು ಇನ್ನಷ್ಟು ಮಡಚಿಕೊಂಡು ಇನ್ನಷ್ಟು ಬಿಸಿಯಾಗುತ್ತದೆ. ಕುಗ್ಗಿದ ಗೋಡೆಯ ಟೈರಿಗೆ ಗಾಳಿ ಕಡಿಮೆಯಾಗುವುದಂತೂ ಸಲ್ಲದು. ಗುಂಡಿಗೆ ಬಿದ್ದಾಗ ರಿಮ್ಮಿಗೂ ರಸ್ತೆಗೂ ನಡುವೆ ಇರುವುದು ಆ ಗಾಳಿಯೇ. ನೆಕ್ಸಾನಿನ 129 ಮಿ.ಮೀ. ಗೋಡೆ ಹದಿನೇಳು ಇಂಚಿನಲ್ಲಿ 118ಕ್ಕೆ ಇಳಿಯುತ್ತದೆ, ಹದಿನೆಂಟಕ್ಕೆ ಹೋದರೆ ನೂರರ ಆಸುಪಾಸಿಗೆ ಬರುತ್ತದೆ. ನಮ್ಮ ಮಳೆಗಾಲದ ರಸ್ತೆಗೆ ಒಂದಿಂಚಿಗಿಂತ ಹೆಚ್ಚು ಬೇಡ ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ವಡೋದರದಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿದ 2024ರ ಆಗಸ್ಟ್ ನೆನೆಸಿಕೊಳ್ಳಿ. ಚಕ್ರ ದೊಡ್ಡದಾದರೆ ಕಾರು ಎತ್ತರವಾಗಿ ನೀರು ತಪ್ಪುತ್ತದೆ ಎಂದು ಆಗ ಯಾರೋ ವಾದಿಸಿದ್ದರು. ಗೆಳೆಯನ ತಪ್ಪು ಅಳತೆಯ ಚಕ್ರದಲ್ಲೂ ಏರಿದ ಎತ್ತರ ಹದಿಮೂರು ಮಿಲಿಮೀಟರ್, ಬೆರಳಿನ ದಪ್ಪ.

ಸ್ಟೆಪ್ನಿಯ ವಿಚಾರವೂ ಇದೆ. 1904ರಲ್ಲಿ ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯ ಅಂಗಡಿಯಲ್ಲಿ ಹುಟ್ಟಿದ ಈ ಹೆಸರು ಕನ್ನಡದಲ್ಲೂ ಗುಜರಾತಿಯಲ್ಲೂ ಉಳಿದಿದೆ, ಆದರೆ ಕಾಮೆಟ್‌ನಂಥ ಇವಿಗಳಲ್ಲಿ ಆ ಚಕ್ರವೇ ಇಲ್ಲ, ಪಂಕ್ಚರ್ ಕಿಟ್ ಮಾತ್ರ. ಆ ಕಿಟ್ಟಿನ ಅಂಟು ಮೊಳೆ ಚುಚ್ಚಿದ್ದನ್ನು ಮುಚ್ಚುತ್ತದೆ, ಪಕ್ಕದ ಗೋಡೆ ಹರಿದರೆ ಏನೂ ಮಾಡಲಾರದು. ಗೋಡೆ ಕುಗ್ಗಿದ ಟೈರು ಹರಿಯುವುದು ಹೆಚ್ಚಾಗಿ ಅಲ್ಲೇ. ಸ್ಟೆಪ್ನಿ ಇರುವ ಕಾರಿನಲ್ಲಿ ಅದರ ವ್ಯಾಸವೂ ಹೊಸ ಚಕ್ರಕ್ಕೆ ಹೊಂದಬೇಕು.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಿಗದಿಪಡಿಸಿದ ವಿವರಗಳಿಗೆ ಹೊರತಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಅಕ್ರಮ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದಾಯಿತು. ನಿಮ್ಮ ಕಾರಿನ ಯಾವುದಾದರೊಂದು ಮಾದರಿಗೆ ಕಂಪನಿಯೇ ಕೊಟ್ಟಿರುವ ಅಳತೆಯೊಳಗೆ ಉಳಿಯುವುದು ಎಲ್ಲಕ್ಕಿಂತ ಸುರಕ್ಷಿತ. ವಿಮೆಯವರಿಗೆ ಬಿಲ್ಲಿನ ಸಮೇತ ಬರೆದು ತಿಳಿಸಿ, ಉತ್ತರ ಬರುವವರೆಗೆ ಕಾಯಿರಿ. ವಾರಂಟಿಯ ವಿಷಯವನ್ನೂ ಶೋರೂಮಿನಲ್ಲಿ ಬಾಯಿಮಾತಿಗೆ ಬಿಡದೆ ಇಮೇಲಿನಲ್ಲಿ ಕೇಳಿ. ಚಕ್ರದಿಂದ ಬ್ಯಾಟರಿಗೆ ಏನೂ ಆಗದಿದ್ದರೂ ಸಸ್ಪೆನ್ಷನ್, ಬೇರಿಂಗ್ ದೂರುಗಳು ಬಂದಾಗ ಅವರ ಕಣ್ಣು ಮೊದಲು ಹೋಗುವುದು ಚಕ್ರದ ಕಡೆಗೇ.

ಗೆಳೆಯ ಕೊನೆಗೆ ರಿಮ್ ಇಟ್ಟುಕೊಂಡು ಟೈರು ಬದಲಿಸಿದ. 235 ಹೋಗಿ, ಪ್ರತಿರೋಧ ಕಡಿಮೆ ಇರುವ 215/55 ಬಂತು. ಆ ರಿಮ್ಮಿನ ಅಗಲಕ್ಕೆ 215 ಹೊಂದುತ್ತದೆಂದು ಟೈರು ಕಂಪನಿಯ ಪಟ್ಟಿ ನೋಡಿಯೇ ಹಾಕಿಸಿದೆವು. ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟು ಮತ್ತೆ ಬಿಗಿಸಿ ಅಲೈನ್ಮೆಂಟ್ ನೋಡಿಸಿದ. ಈಗ ಜಿಪಿಎಸ್ ಲೆಕ್ಕದಲ್ಲಿ ಇನ್ನೂರ ನಲವತ್ತರ ಹತ್ತಿರ ಬರುತ್ತದಂತೆ. ಕಂಪನಿಯ ಹಳೆಯ ಹದಿನಾರು ಇಂಚಿನ ನಾಲ್ಕೂ ಚಕ್ರಗಳನ್ನು ಮಾರಬೇಡ ಎಂದಿದ್ದೆ. ಗೋಣಿಚೀಲದಲ್ಲಿ ಸುತ್ತಿ ಹೋಟೆಲಿನ ಉಗ್ರಾಣದಲ್ಲಿ, ಅಕ್ಕಿ ಮೂಟೆಗಳ ಹಿಂದೆ ಮಲಗಿಸಿಟ್ಟಿದ್ದಾನೆ. ಜೂನ್ ಮೊದಲ ವಾರ, ತಾಪಿಯ ಕಡೆಯಿಂದ ಮೋಡ ಕಟ್ಟಿದ ಕೂಡಲೇ, ಅವು ಮತ್ತೆ ಕಾರಿಗೆ ಏರುತ್ತವೆ.